ಅಮಾತ್ಯನ ಬೇರು

ಮಾಘ ಬಹುಳ ಅಮಾವಾಸ್ಯೆ, ಸೋಮವಾರ. ಆಕಾಶದಲ್ಲಿ ಒಂದು ಮೋಡವಿರಲಿಲ್ಲ, ಬೆಳಗಿನಿಂದ ಒಣಗಾಳಿ. ಕುಂಚಿಪುರದ ಕೋಟೆ ಬಾಗಿಲಲ್ಲಿ ಡಂಗುರ ಹೊಡೆದರು: “ರಾಣಿ ಚೆಂಬಲದೇವಿಯವರಿಗೆ ಆಲೋಚನೆ ಹೇಳುವವನೊಬ್ಬ ಬೇಕು! ಮೂರು ಒಗಟು ಬಿಡಿಸಿದವನಿಗೆ ಆ ಪದವಿ, ಮೇಲೆ ಕೇಳಿದ್ದು. ತಪ್ಪಿದವನ ತಲೆ ಸಂಜೆಗೆ ಇಳಿಯುತ್ತದೆ!”

ಕೇತ ತನ್ನ ಒಡೆಯ ಸೋವರಸ ಪಂಡಿತನ ಓಲೆಕಟ್ಟು ಹೊತ್ತು ಸಭೆಗೆ ಬಂದ. ಪಂಡಿತ ತಾಳೆಗರಿಯ ಮೇಲೆ ಅಕ್ಷರ ಕೊರೆಯುವುದು, ಕೇತ ಮಸಿ ತಿಕ್ಕಿ ಒರೆಸಿ ಅದನ್ನು ಮೂಡಿಸುವುದು: ಹನ್ನೆರಡು ವರ್ಷದಿಂದ ಇದೇ ಕೆಲಸ. ತಬ್ಬಲಿ ಕೇತನನ್ನು ಸಾಕಿದವನೂ ಪಂಡಿತನೇ.

“ಇಬ್ಬರು ಹೊತ್ತರೆ ನಿಲ್ಲುತ್ತದೆ, ಮೂರನೆಯವನು ಕೈಹಾಕಿದರೆ ಒಡೆಯುತ್ತದೆ. ಏನದು?” ಎಂದಳು ರಾಣಿ.

“ಮಡಕೆ, ತಾಯಿ,” ಎಂದ ಒಬ್ಬ ಶಾಸ್ತ್ರಿ. ಭಟರು ಅವನ ತೋಳು ಹಿಡಿದರು.

“ನೆರಳೂ ನನ್ನ ಜೊತೆ ಬರುತ್ತದೆ, ಸಚಿವನೂ ಬರುತ್ತಾನೆ. ವ್ಯತ್ಯಾಸವೇನು?”

“ನೆರಳಿಗೆ ಸಂಬಳವಿಲ್ಲ!” ಎಂದ ಒಬ್ಬ ಜೋಯಿಸ. ನಕ್ಕವರು ಭಟರು ಅವನನ್ನೂ ಹಿಡಿದದ್ದು ಕಂಡು ಬಾಯಿ ಮುಚ್ಚಿದರು.

“ಅಮಾತ್ಯ, ಅಮಾವಾಸ್ಯೆ. ಎರಡೂ ಒಂದೇ ಬೇರಿನ ಮಾತುಗಳು. ಆ ಬೇರು ಯಾವುದು?”

ಸೋವರಸ ಶಲ್ಯ ಕೊಡವಿ ಎದ್ದ. “‘ಅ’ ಎಂದರೆ ಇಲ್ಲ. ಚಂದ್ರನಿಲ್ಲದ್ದು ಅಮಾವಾಸ್ಯೆ, ಮಾತಿಲ್ಲದವನು ಅಮಾತ್ಯ. ಬಾಯಿ ಬಿಡದೆ ತಲೆಯಾಡಿಸುವವನು!”

“ಅಂಥವರು ನನ್ನಲ್ಲಿ ಬೇಕಾದಷ್ಟಿದ್ದಾರೆ,” ಎಂದಳು ರಾಣಿ. “ಎಳೆದೊಯ್ಯಿರಿ.”

ಕೇತ ಓಲೆಕಟ್ಟನ್ನು ನೆಲಕ್ಕಿಟ್ಟ. “ತಾಯಿ, ಮೂರನ್ನೂ ನಾನು ಹೇಳುತ್ತೇನೆ.”

“ಏನೋ ಮಸಿಕೈ, ತಲೆ ಭಾರವಾಯಿತೇ?” ಎಂದ ದಂಡನಾಯಕ.

“ಬೇಡವೋ ಕೇತ, ಮನೆಗೆ ಹೋಗು!” ಸೋವರಸನ ಕೂಗು ಬಾಗಿಲಾಚೆಯಿಂದ ಕೇಳಿಸಿತು. ಕೇತ ಕದಲಲಿಲ್ಲ.

“ಮೊದಲನೆಯದು ಮಂತ್ರ, ಅಂದರೆ ಗುಟ್ಟಿನ ಆಲೋಚನೆ. ಮೂರನೆಯವನ ಕಿವಿಗೆ ಬಿದ್ದರೆ ಒಡೆಯಿತು; ಅದನ್ನು ಕಾಯುವವನೇ ಮಂತ್ರಿ. ಎರಡನೆಯದು: ಕತ್ತಲಾದರೆ ನೆರಳು ಬಿಟ್ಟುಹೋಗುತ್ತದೆ. ಸಚಿವ ಎಂದರೆ ಜೊತೆಗಾರ, ಕತ್ತಲಲ್ಲೂ ಬಿಡದವನು.”

“ಬೇರು?”

“‘ಅಮಾ’. ಅಂದರೆ ಜೊತೆಯಲ್ಲಿ, ಒಂದೇ ಮನೆಯಲ್ಲಿ. ಸೂರ್ಯಚಂದ್ರರು ಒಟ್ಟಿಗೆ ವಾಸವಾಗಿರುವ ದಿನ ಅಮಾವಾಸ್ಯೆ. ಒಡೆಯರೊಂದಿಗೆ ಒಂದೇ ಮನೆಯವನಾಗಿರುವವನು ಅಮಾತ್ಯ. ನಮ್ಮ ಪಂಡಿತರೇ ಬರೆದ ಗರಿಯಲ್ಲಿದೆ. ಬರೆದವರು ಮರೆತರು, ಮಸಿ ತಿಕ್ಕಿದವನಿಗೆ ಅಕ್ಷರ ಅಕ್ಷರವೂ ನೆನಪಿದೆ.”

ಸಭೆಗೆ ಸಭೆಯೇ ಎದ್ದುನಿಂತಿತು. ರಾಣಿ ತನ್ನ ಮುದ್ರೆಯುಂಗುರ ತೆಗೆದು ಆ ಕರಿ ಬೆರಳಿಗೆ ತೊಡಿಸಿದಳು. “ಇನ್ನು ಇದೇ ನಿನ್ನ ಮನೆ, ಅಮಾತ್ಯ. ಮೇಲೇನು ಬೇಕು?”

ಕೇತ ಹತ್ತಿರ ಹೋಗಿ ಮೆಲ್ಲಗೆ ಏನೋ ಹೇಳಿದ. ಅವರಿಬ್ಬರ ಹೊರತು ಯಾರಿಗೂ ಕೇಳಿಸಲಿಲ್ಲ. ರಾಣಿ ನಕ್ಕು ತಲೆಯಾಡಿಸಿದಳು.

ಸಂಜೆ ಸೆರೆಮನೆಯ ಕದ ತೆರೆಯಿತು. ಸೋವರಸ ಕತ್ತು ಸವರಿಕೊಳ್ಳುತ್ತ ಹೊರಗೆ ಬಂದ. ಅವನ ಹಿಂದೆ ಶಾಸ್ತ್ರಿ, ಜೋಯಿಸ. ಕೇತನ ಬೆರಳಿನ ಉಂಗುರ ಕಂಡು ಪಂಡಿತನ ಕಣ್ಣರಳಿತು.

“ಗೆದ್ದೆಯೇನೋ! ಕೇಳಿದ್ದು ಕೊಡುತ್ತೇನೆ ಎಂದಿದ್ದರಲ್ಲ, ಏನು ಕೊಟ್ಟರು?”

“ಮೂರು ತಲೆ,” ಎಂದ ಕೇತ, ಓಲೆಕಟ್ಟನ್ನು ಮತ್ತೆ ಹೆಗಲಿಗೇರಿಸಿಕೊಳ್ಳುತ್ತ.