ಆರೂ ಬಂತು

ಹತ್ತಿರ ಬನ್ನಿ ಮಕ್ಕಳೇ. ಆ ಬಾಗಿಲು ಸ್ವಲ್ಪ ಮುಂದಕ್ಕೆ ಮಾಡಿ. ಈಗ ಮೆಲ್ಲಗೆ ಹೇಳ್ತೀನಿ, ಇದು ನಿಮ್ಮ ಕಿವಿ ದಾಟಬಾರದು. ನಿಮ್ಮ ಅಮ್ಮಂದಿರಿಗೂ ಹೇಳಬೇಡಿ. ಅವರಿಗೆ ನಾನೇ ಹೇಳಿಯಾಗಿದೆ.

ಒಂದು ಊರು. ಆ ಊರಲ್ಲಿ ಹೂ ಕಟ್ಟೋರ ಬೀದಿ. ಅಲ್ಲೊಂದು ವಠಾರದಲ್ಲಿ ನನ್ನ ಮನೆ, ಗೋಡೆಯ ಆಚೆ ಸಂಪಂಗಮ್ಮನ ಮನೆ. ಗೋಡೆ ತೆಳು. ಅದು ನಾನು ಕಟ್ಟಿಸಿದ್ದಲ್ಲ.

ಸಂಪಂಗಮ್ಮನ ಗಂಡ ಮುನಿವೆಂಕಟಪ್ಪ ಸೈಕಲ್ಲಿನ ಮೇಲೆ ಹೂ ಮಾರುತ್ತಿದ್ದ. ಅವನು "ಮಲ್ಲಿಗೇ, ಕಾಕಡಾ" ಅಂತ ಒಂದು ಸಲ ಕೂಗಿದರೆ ಮೂರು ಬೀದಿಯ ಹೆಂಗಸರು ಬಾಗಿಲಿಗೆ ಬರೋರು. ಅಂಥವನಿಗೆ ಲಕ್ವ ಹೊಡೀತು. ಕೈಕಾಲು ಮೆಲ್ಲಗೆ ಸರಿಹೋಯಿತು. ಮಾತು ಹೋದದ್ದು ಹೋಯಿತು. ನೀರು ಬೇಕಾದರೂ ಲೋಟ ತೋರಿಸೋನು. ಎರಡು ವರ್ಷ ಹಾಗೇ ಇದ್ದ.

ಗಂಡ ಹಾಗೆ ಕೂತಿರುವಾಗ ಹೆಂಡತಿಯಾದವಳು ಏನು ಮಾಡಬೇಕು ಹೇಳಿ. ಈ ಸಂಪಂಗಮ್ಮ ವಾರ ವಾರ ಲಾಟರಿ ಚೀಟಿ ತರುತ್ತಿದ್ದಳು. ನಾನು ಕಣ್ಣಾರೆ ಕಂಡಿದ್ದೀನಿ. ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಯಾರಿಗೂ ಕಾಣಲ್ಲ ಅನ್ನೋ ಹಾಗೆ ಬರೋಳು.

ಆಗ ದೇಶಕ್ಕೆಲ್ಲ ಒಂದೇ ಲಾಟರಿ. ಒಂದರಿಂದ ನಲವತ್ತೊಂಬತ್ತರವರೆಗೆ ನಂಬರು. ಅದರಲ್ಲಿ ನಿಮಗೆ ಬೇಕಾದ ಆರನ್ನು ಹೇಳಿ ಚೀಟಿಯಲ್ಲಿ ಬರೆಸಬೇಕು. ಶನಿವಾರ ಸಂಜೆ ಟೀವಿಯಲ್ಲಿ ಒಂದು ಗಾಜಿನ ಡಬ್ಬಕ್ಕೆ ನಲವತ್ತೊಂಬತ್ತು ಚೆಂಡು ಹಾಕಿ ಗಿರಗಿರ ತಿರುಗಿಸೋರು. ಆರು ಚೆಂಡು ಒಂದೊಂದಾಗಿ ಹೊರಗೆ ಬೀಳೋವು. ನೀವು ಬರೆಸಿದ ಆರೂ ಅವೇ ಆದರೆ ಕೋಟಿ ಕೋಟಿ ಬಹುಮಾನ. ಮೂರು ಹೊಂದಿದರೆ ಮನೆಮಂದಿ ಮಸಾಲೆದೋಸೆ ತಿನ್ನಬಹುದು. ಒಂದೂ ಹೊಂದದಿದ್ದರೆ ಚೀಟಿಯಲ್ಲಿ ಕಡಲೆಕಾಯಿ ಸುತ್ತಬಹುದು.

ದಿನಾ ಸಂಜೆ ಗೋಡೆಯಾಚೆಯಿಂದ ಅವಳ ದನಿ ಕೇಳೋದು. "ಏಳು. ಹನ್ನೊಂದು. ಹದಿನೆಂಟು." ಮಂತ್ರ ಜಪಿಸಿದ ಹಾಗೆ. ನಾನು ಅಂದುಕೊಂಡೆ, ಪಾಪ ಆ ಮೂಗನ ತಲೆ ತಿಂತಾಳೆ, ಜೂಜಿನ ಹುಚ್ಚು ಹಿಡಿದಿದೆ ಇವಳಿಗೆ.

ಒಂದು ಶನಿವಾರ ಟೀವಿಯಲ್ಲಿ ಚೆಂಡು ತಿರುಗೋ ಹೊತ್ತು. ಗೋಡೆಯಾಚೆ ಅವಳು ಅಳುತ್ತಾಳೋ ನಗುತ್ತಾಳೋ ತಿಳಿಯಲಿಲ್ಲ. ಮಾತು ಮಾತ್ರ ಸ್ಪಷ್ಟವಾಗಿ ಕೇಳಿತು. "ಆರೂ ಬಂತು. ಅಯ್ಯೋ ದೇವರೇ, ಆರೂ ಬಂತು. ನಮಗೆ ಲಾಟರಿ ಹೊಡೀತು ಕಣ್ರೀ."

ನಾನು ಒಬ್ಬಳಿಗೇ ಹೇಳಿದ್ದು, ಎದುರು ಮನೆ ಲಕ್ಕಮ್ಮನಿಗೆ. ಅದೂ ಆಣೆ ಹಾಕಿಸಿಕೊಂಡು. ಬೆಳಿಗ್ಗೆ ಹಾಲಿನವನು ಬರೋ ಹೊತ್ತಿಗೆ ಬೀದಿಗೆಲ್ಲ ಗೊತ್ತಿತ್ತು.

ಭಾನುವಾರ ಪೂರ್ತಿ ಸಂಪಂಗಮ್ಮನ ಬಾಗಿಲಲ್ಲಿ ಜನ. ಒಬ್ಬಳಿಗೆ ಹೊಲಿಗೆ ಮೆಷಿನ್ನು ಬೇಕು. ಒಬ್ಬನಿಗೆ ಮಂಡಿ ಆಪರೇಷನ್ನು. ನಾನು ಹೆಚ್ಚಿಗೆ ಏನೂ ಕೇಳಲಿಲ್ಲ, ಒಂದು ಹಲ್ಲುಸೆಟ್ಟು ಅಷ್ಟೇ. ಅವಳು ಬಾಯಿ ಬಾಯಿ ಬಿಟ್ಟಳು. "ಯಾವ ಕೋಟಿ? ನನಗೆ ಯಾವ ಕೋಟೀನೂ ಬಂದಿಲ್ಲ" ಅಂದಳು. ದುಡ್ಡು ಬಂದವರೆಲ್ಲ ಹಾಗೇ ಅನ್ನೋದು ಅಂತ ಜನ ಮೂತಿ ತಿರುಗಿಸಿಕೊಂಡು ಹೋದರು.

ಸೋಮವಾರ ಬೆಳಿಗ್ಗೆ ಅವಳು ಹೂವಿನ ಮಂಡಿಯಿಂದ ಬರಿಗೈಯಲ್ಲಿ ಬಂದಳು. ನಮ್ಮ ಬೀದಿಯವರಿಗೆಲ್ಲ ಮಂಡಿ ಪಿಳ್ಳಪ್ಪನೇ ದಿನಾ ಒಂದೊಂದು ಬುಟ್ಟಿ ಮೊಗ್ಗು ಕೊಡೋನು. ಕಟ್ಟಿಕೊಟ್ಟರೆ ಕೂಲಿ. ಸಂಪಂಗಮ್ಮನ ಮನೆ ನಡೆಯುತ್ತಿದ್ದದ್ದು ಆ ಬುಟ್ಟಿಯಿಂದ. ಜಗಲಿಯ ಮೇಲೆ ಕೂತಳು. ಆ ಎರಡು ಕೈ ಸುಮ್ಮನೆ ಮಡಿಲಲ್ಲಿ ಬಿದ್ದಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

"ಏನೇ ಸಂಪಂಗಿ, ಕೋಟ್ಯಧೀಶೆ ಕೈಗೆ ಇವತ್ತು ರಜಾನಾ?" ಅಂದೆ.

"ಪಿಳ್ಳಪ್ಪ ನನ್ನ ಬುಟ್ಟೀನ ಹೊಸದಾಗಿ ಬಂದಿರೋ ಒಬ್ಬ ಬಡವಿಗೆ ಕೊಟ್ಟನಂತೆ ದೊಡ್ಡಮ್ಮ. ಲಾಟರಿ ಹೊಡೆದೋಳಿಗೆ ಇನ್ಯಾಕೆ ಅಂದ. ನಾಳೆಯಿಂದ ಇವರಿಗೆ ಗಂಜಿ ಎಲ್ಲಿಂದ ತರಲಿ?"

"ನೀನೇ ಅಂದೆಯಲ್ಲೇ, ಆರೂ ಬಂತು ಅಂತ. ನನ್ನ ಕಿವಿಯಾರೆ ಕೇಳಿದೀನಿ."

ಅವಳು ನನ್ನ ಮುಖ ನೋಡಿದಳು. ಆಮೇಲೆ ಹೇಳಿದಳು. "ಬಂದದ್ದು ಡಬ್ಬದಿಂದ ಅಲ್ಲ ದೊಡ್ಡಮ್ಮ. ಇವರ ಬಾಯಿಂದ."

ವಿಷಯ ಇಷ್ಟೇ. ಮಾತು ಕಲಿಸೋ ಡಾಕ್ಟರಮ್ಮ ದಿನಾ ಹೇಳಿಸಿ ಅಂತ ಚಿತ್ರದ ಕಾರ್ಡು ಕೊಟ್ಟಿದ್ದರು. ಹಸು, ಮನೆ, ಮರ. ಮುನಿವೆಂಕಟಪ್ಪ ಅದನ್ನೆಲ್ಲ ಎಸೆದ. ಅರವತ್ತು ದಾಟಿದವನಿಗೆ ಶಿಶುವಿಹಾರದ ಪಾಠ ಅಂದರೆ ಅವಮಾನ ಆಗಲ್ಲವೇ? ಲಾಟರಿ ಅಂದರೆ ಮಾತ್ರ ಕಿವಿ ನಿಮಿರುತ್ತಿತ್ತು. ಸಂಪಂಗಮ್ಮ ಅದನ್ನೇ ಹಿಡಿದಳು. ಆರು ನಂಬರು ಅವನೇ ಬೆರಳು ತೋರಿಸಿ ಆರಿಸಬೇಕು, ವಾರ ವಾರ ಅವೇ ಆರು, ಚೆಂಡು ಬೀಳೋದರೊಳಗೆ ಆರನ್ನೂ ಅವನೇ ಬಾಯಿಬಿಟ್ಟು ಹೇಳಬೇಕು. ಮೊದಲ ಆರು ತಿಂಗಳು ಬರೀ ಉಸಿರು ಬಂತು. ಆಮೇಲೆ "ಏ" ಬಂತು. ಆಮೇಲೆ "ಏಳು". ಕೊನೆಯ ನಂಬರು ನಲವತ್ತನಾಲ್ಕು, ಅದು ಮಾತ್ರ ನಾಲ್ಕು ತಿಂಗಳು "ನಲ" ಅನ್ನೋದರಲ್ಲೇ ನಿಂತಿತ್ತು. ಆ ಶನಿವಾರ ಅದೂ ಬಂತು. ಟೀವಿಯಲ್ಲಿ ಅವರ ನಂಬರು ಒಂದೂ ಬಂದಿರಲಿಲ್ಲ.

ಆದರೂ ಕೇಳಿದೆ, "ಹಾಗಾದರೆ ಎರಡು ವರ್ಷದಲ್ಲಿ ನೂರು ಚೀಟಿ ತಂದಿದ್ದೀಯ. ಇನ್ನೇನು ಬಹುಮಾನದ ಹತ್ತಿರಕ್ಕೆ ಬಂದಿರಬೇಕಲ್ಲ?"

ಸಂಪಂಗಮ್ಮ ನಕ್ಕಳು. "ಚೀಟಿಯ ಹಿಂದೆ ಬರೆದಿದೆ ದೊಡ್ಡಮ್ಮ, ಒಂದು ಕೋಟಿ ನಲವತ್ತು ಲಕ್ಷಕ್ಕೆ ಒಂದು ಅಂತ. ಅಷ್ಟು ಅಂದರೆ ಎಷ್ಟು ಅಂತ ಡಾಕ್ಟರಮ್ಮನನ್ನ ಕೇಳಿದೆ. ನಾನು ದಿನಕ್ಕೆ ಇಪ್ಪತ್ತು ಮೊಳ ಕಟ್ತೀನಿ, ಮೊಳಕ್ಕೆ ನೂರು ಮೊಗ್ಗು ಅಂದೆ. ಅವರು ಫೋನಲ್ಲಿ ಲೆಕ್ಕ ಹಾಕಿ ಹೇಳಿದರು. ಹಬ್ಬ ಹರಿದಿನ ಬಿಡದೆ ಹತ್ತೊಂಬತ್ತು ವರ್ಷ ಕಟ್ಟಿದರೆ ಅಷ್ಟು ಮೊಗ್ಗಾಗುತ್ತಂತೆ. ಅವನ್ನೆಲ್ಲ ಒಂದು ರಾಶಿ ಹಾಕಿ. ಒಂದೇ ಮೊಗ್ಗಿಗೆ ಅರಿಶಿನ ಹಚ್ಚಿ ಒಳಗೆ ಸೇರಿಸಿ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಒಂದೇ ಸಲ ಕೈ ಹಾಕಿ, ಅದನ್ನೇ ತೆಗೆಯಬೇಕು. ಲಾಟರಿ ಅಂದರೆ ಅದು."

"ಆದರೂ ನೂರು ಸಲ..."

"ಪ್ರತಿ ಶನಿವಾರ ಹೊಸ ರಾಶಿ ದೊಡ್ಡಮ್ಮ. ಹೋದ ವಾರ ನಾನು ಸೋತೆ ಅಂತ ಚೆಂಡಿಗೇನು ಗೊತ್ತು? ಅದಕ್ಕೆ ನೆನಪಿಲ್ಲ. ಇವರ ನಾಲಿಗೆ ಹಾಗಲ್ಲ. ನೆನ್ನೆ ಪಟ್ಟ ಕಷ್ಟಾನ ಇವತ್ತು ಮರೆಯಲ್ಲ. ನಾನು ಆಸೆ ಇಟ್ಟಿದ್ದು ಅದರ ಮೇಲೆ. ಚೀಟಿ ಬರೀ ನೆಪ."

ಮಂಗಳವಾರ ಬೆಳಕು ಹರಿಯೋ ಹೊತ್ತಿಗೆ ನಾನೇ ಅವಳ ಕೈ ಹಿಡಿದುಕೊಂಡು ಮಂಡಿಗೆ ಹೋದೆ. ನಾಲ್ಕು ಜನರೆದುರು ಹೇಳಿದೆ, ಇವಳಿಗೆ ಒಂದು ಕಾಸೂ ಬಂದಿಲ್ಲ, ಹಬ್ಬಿಸಿದೋಳು ನಾನು ಅಂತ.

ಪಿಳ್ಳಪ್ಪ ತಲೆ ಕೆರೆದುಕೊಂಡ. "ಈಗ ಹೇಳಿದರೆ ಹೇಗಜ್ಜಿ? ಇರೋ ಬುಟ್ಟಿ ಇಷ್ಟೇ. ಆ ಹೊಸಬಳಿಗೂ ಎರಡು ಹಸುಗೂಸು. ಯಾರದನ್ನ ಕಿತ್ತು ಇವಳಿಗೆ ಕೊಡಲಿ?"

ಅವತ್ತು ಅವನು ನನಗೆ ಕೊಟ್ಟ ಬುಟ್ಟಿ ನನ್ನ ಕಾಲ ಹತ್ತಿರವೇ ಇತ್ತು. ಸುಳ್ಳು ಯಾಕೆ, ಒಂದು ಗಳಿಗೆ ಕಾಲಿಂದ ಹಿಂದಕ್ಕೆ ತಳ್ಳಿದೆ ಕೂಡ. ಆಮೇಲೆ ಎತ್ತಿ ಸಂಪಂಗಮ್ಮನ ಸೊಂಟಕ್ಕೆ ಕೊಟ್ಟೆ.

ಅವಳು ಬೇಡ ಅನ್ನಲಿಲ್ಲ. ಮನೆಗೆ ಬಂದಳು, ನನ್ನ ಬಾಗಿಲಲ್ಲೇ ಬುಟ್ಟಿ ಇಳಿಸಿದಳು, ಮೊಗ್ಗನ್ನ ಎರಡು ಪಾಲು ಮಾಡಿದಳು. ಒಂದನ್ನ ನನ್ನ ಮುಂದಕ್ಕೆ ತಳ್ಳಿದಳು. ಒಳಗಿಂದ ಮುನಿವೆಂಕಟಪ್ಪನ ದನಿ ಬಂತು, ಒಂದೊಂದೇ ಅಕ್ಷರವಾಗಿ, "ಯಾ... ರು?" ಅಂತ.

ಆಗ ಅವಳು ನನ್ನ ಮುಖಕ್ಕೇ ಹೇಳಿದಳು. "ಒಂದು ನಾಲಿಗೆ ಆಡಲಿ ಅಂತ ಎರಡು ವರ್ಷ ಹರಕೆ ಹೊತ್ತೆ ದೊಡ್ಡಮ್ಮ. ಪಕ್ಕದ ಮನೇದು ನಿಲ್ಲಲಿ ಅಂತ ಇನ್ಯಾವ ದೇವರಿಗೆ ಹೊರಲಿ? ಆಗೋ ಮಾತಲ್ಲ ಅದು. ಇವತ್ತಿಂದ ನಿಮ್ಮ ಪಾಲಿನ ಹೂ ನಮ್ಮ ಮನೇಲೇ ಕೂತು ಕಟ್ಟಿ. ಊರ ಸುದ್ದಿಯೆಲ್ಲ ಇವರಿಗೆ ಹೇಳಿ. ನಿಮ್ಮ ಮಾತು ಕೇಳಿದರೆ ಎಂಥವರಿಗೂ ಎದುರು ಮಾತಾಡಬೇಕು ಅನ್ನಿಸುತ್ತೆ."

ನೀತಿ: ಲಾಟರಿಯ ಚೆಂಡಿಗೆ ಹೋದ ವಾರದ ನೆನಪಿಲ್ಲ. ಎಷ್ಟು ವರ್ಷ ಆಡಿದರೂ ಒಂದು ಚೀಟಿಗೆ ಗೆಲುವು ಒಂದು ಕೋಟಿ ನಲವತ್ತು ಲಕ್ಷಕ್ಕೆ ಒಂದೇ. ದಿನಾ ಪಟ್ಟ ಶ್ರಮಕ್ಕೆ ನೆನಪಿದೆ, ಅದು ನೆನ್ನೆಗಿಂತ ಇವತ್ತು ಹತ್ತಿರ ತರುತ್ತದೆ. ಆದ್ದರಿಂದ ಆಸೆಯನ್ನು ಶ್ರಮದ ಮೇಲೆ ಇಡಿ. ಮತ್ತೆ, ಪಕ್ಕದ ಮನೆಗೆ ಏನೋ ಬಂತು ಅಂತ ಕೇಳಿಸಿದರೆ, ಬಂದದ್ದು ಏನು ಅಂತ ಮೊದಲು ಅವರನ್ನೇ ಕೇಳಿ.