ಕೋಟೆ ಕೈ ಬದಲಾಯಿತು, ಒಡ್ಡು ಬಿರುಕು ಬಿಟ್ಟಿತು

ಕರಾವಳಿಯಲ್ಲಿ ಹೊಳೆ ಕಡಲು ಸೇರುವ ಒಂದು ಅಳಿವೆಯ ಬಾಯಲ್ಲಿ ಕಡವಿನಕೋಟೆ ಎಂಬ ಪುಟ್ಟ ಬಂದರಿತ್ತು. ಕೋಟೆ ಪೋರ್ಚುಗೀಸರದ್ದು. ಅದರ ಕೆಳಗಿನ ಗದ್ದೆಗಳು ನಲವತ್ತು ಒಕ್ಕಲು ಮನೆಗಳದ್ದು. ಗದ್ದೆಗೂ ಕಡಲಿನ ಉಪ್ಪುನೀರಿಗೂ ನಡುವೆ ಇದ್ದದ್ದು ಒಂದೇ ಒಂದು ಮಣ್ಣಿನ ಒಡ್ಡು. ಅದನ್ನು ನೋಡಿಕೊಳ್ಳುವ ಹೊಣೆ ಹಮ್ಮಣ್ಣ ಗೌಡನದ್ದು.

ಒಂದು ಚೈತ್ರ ಮಾಸದಲ್ಲಿ ಹಮ್ಮಣ್ಣ ಒಡ್ಡಿನ ಮೇಲೆ ನಡೆಯುತ್ತಿದ್ದಾಗ, ಗದ್ದೆಯ ನೀರು ಹೊರಬಿಡುವ ತೂಬಿನ ಪಕ್ಕ ಕಾಲು ಕುಸಿಯಿತು. ಬಗ್ಗಿ ನೋಡಿದ. ಏಡಿ ಕೊರೆದ ಬಿಲ ಮೊಣಕೈ ಹೋಗುವಷ್ಟು ಅಗಲವಾಗಿತ್ತು. ತೂಬಿನ ಹಲಗೆಗಳು ಬೆರಳಿಟ್ಟರೆ ಉದುರುವಷ್ಟು ಕೊಳೆತು ಲಡ್ಡಾಗಿದ್ದವು. ಮಣ್ಣೇನೋ ಹೊಳೆಯಲ್ಲೇ ಇತ್ತು. ಹಲಗೆಗೆ ಮರ ಬೇಕು, ಕಾಡಿನ ಮರ ಮುಟ್ಟಲು ಕೋಟೆಯ ಅಪ್ಪಣೆ ಬೇಕು.

ಹಮ್ಮಣ್ಣ ಕೋಟೆಗೆ ಹೋದ. ಅಲ್ಲಿ ದುಭಾಷಿ ವಾಮನ ಶೆಣೈ ಅವನ ಮಾತನ್ನು ಕಪ್ತಾನನಿಗೆ ಹೇಳಿ, ಕಪ್ತಾನನ ಮಾತನ್ನು ಅವನಿಗೆ ಹೇಳಿದ.

"ಎಂಟು ದಿನ ಬಿಟ್ಟು ಬರಬೇಕಂತೆ, ಗೌಡ."

ಎಂಟನೆಯ ದಿನ ಹಮ್ಮಣ್ಣ ಹೊರಡುವ ಹೊತ್ತಿಗೆ ಡಚ್ಚರ ಹಡಗುಗಳು ಬಂದು ನಿಂತಿದ್ದವು. ಮೂರು ದಿನ ಫಿರಂಗಿ ಗುಡುಗಿತು. ನಾಲ್ಕನೆಯ ದಿನ ಕೋಟೆಯ ಮೇಲೆ ಬೇರೆ ಬಾವುಟ ಹಾರಿತು.

ಹಮ್ಮಣ್ಣ ಮತ್ತೆ ಹೋದ. ಕುರ್ಚಿಯಲ್ಲಿ ಡಚ್ಚರ ಅಧಿಕಾರಿ. ಪಕ್ಕದಲ್ಲಿ ಅದೇ ವಾಮನ ಶೆಣೈ.

"ಹಿಂದಿನವರಿಗೆ ಕೇಳಿದ್ದು ಇವರಿಗೆ ಲೆಕ್ಕಕ್ಕಿಲ್ಲವಂತೆ. ಅರ್ಜಿಯನ್ನು ಇವರ ಭಾಷೆಯಲ್ಲಿ ಹೊಸದಾಗಿ ಬರೆಸಬೇಕಂತೆ."

"ಒಡೆಯಾ, ಬಿಲ ಅದೇ, ಉಪ್ಪುನೀರು ಅದೇ. ಕಡಲಿಗೆ ಯಾವ ಭಾಷೆಯಲ್ಲಿ ನಿಲ್ಲು ಅನ್ನಲಿ?"

ಶೆಣೈ ಅದನ್ನು ಅನುವಾದಿಸಲಿಲ್ಲ. "ಕೋಪ ಮಾಡ್ಕೊಂಡ್ರೆ ಮರ ಸಿಗೂದಿಲ್ಲ ಗೌಡ," ಎಂದಷ್ಟೇ ಹೇಳಿದ.

ಅರ್ಜಿ ಬರೆಸಿದ್ದಾಯಿತು. ಅಷ್ಟರಲ್ಲಿ ಊರ ಗಂಡಸರನ್ನೆಲ್ಲ ಬಿಟ್ಟಿ ಚಾಕರಿಗೆ ಎಳೆದೊಯ್ದರು. ಹೆಬ್ಬಾಗಿಲ ಕಲ್ಲಿನ ಮೇಲಿದ್ದ ಪೋರ್ಚುಗೀಸರ ಲಾಂಛನ ಒಡೆದು ಡಚ್ಚರದ್ದು ಕೆತ್ತಬೇಕಿತ್ತು. ಒಡ್ಡಿಗೆ ಮಣ್ಣು ಹೊರಬೇಕಾದ ಭುಜಗಳು ಇಪ್ಪತ್ತು ದಿನ ಕಲ್ಲು ಹೊತ್ತವು.

ಕೆತ್ತನೆ ಮುಗಿದ ಮೂರನೆಯ ದಿನ ಹಡಗೊಂದು ಕಾಗದ ತಂದಿತು. ಯುರೋಪಿನಲ್ಲಿ ಎರಡೂ ದೇಶದವರು ಆರು ತಿಂಗಳ ಹಿಂದೆಯೇ ರಾಜಿಯಾಗಿದ್ದರಂತೆ! ಕಡವಿನಕೋಟೆ ಮತ್ತೆ ಪೋರ್ಚುಗೀಸರಿಗೆ. ಆ ಫಿರಂಗಿ, ಆ ಹೆಣಗಳು, ಎಲ್ಲ ದಂಡ. ಹಮ್ಮಣ್ಣ ಮೂರನೆಯ ಸಲ ಮೆಟ್ಟಿಲು ಹತ್ತಿದ. ಈ ಸಲ ಹೊಸ ಕಪ್ತಾನ.

"ಅರ್ಜಿ ಶತ್ರುವಿನ ಭಾಷೆಯಲ್ಲಿದೆ, ಹಿಡಿಯಲಿಕ್ಕಾಗದು ಅಂತಾರೆ," ಎಂದ ಶೆಣೈ. ಅವನ ಮುಖವೂ ಬಾಡಿತ್ತು.

ಹಮ್ಮಣ್ಣ ಬಾಯಿಗೆ ಬಂದ ಬೈಗುಳ ನುಂಗಿಕೊಂಡು ಮೆಟ್ಟಿಲಿಳಿದು ಬಂದ.

ಮೊದಲ ಮಳೆ ಬಿದ್ದು, ಬಿತ್ತನೆಯಾಗಿ, ಭತ್ತ ಮೊಳಕೆಯೊಡೆದಿತ್ತು. ಜ್ಯೇಷ್ಠದ ಹುಣ್ಣಿಮೆಗೆ ಎರಡೇ ದಿನ. ಹುಣ್ಣಿಮೆಯ ಮಧ್ಯಾಹ್ನ ದೊಡ್ಡ ಉಬ್ಬರ ಬರುವುದು ಎಲ್ಲರಿಗೂ ಗೊತ್ತು. ಆದರೆ ಊರವರು ಅರಳಿಕಟ್ಟೆಯಲ್ಲಿ ಕೂತು, ಯಾರ ಆಳ್ವಿಕೆ ಒಳ್ಳೆಯದೆಂದು ಜಗಳವಾಡುತ್ತಿದ್ದರು.

"ಡಚ್ಚರೇ ಇದ್ದಿದ್ರೆ ಇಷ್ಟೊತ್ತಿಗೆ ಮರ ಸಿಕ್ತಿತ್ತು," ಎಂದ ಒಬ್ಬ.

"ಈಗ ಇಂಗ್ಲಿಷರು ಬತ್ತಾರಂತೆ. ಅವರು ಬರೂವರೆಗೆ ಕಾಯೂದು ಒಳ್ಳೇದು," ಎಂದ ಗಣಪು.

ಹಮ್ಮಣ್ಣನಿಗೆ ತಡೆಯಲಾಗಲಿಲ್ಲ. "ಕಾಯಿರಿ! ನಿಮ್ಮ ಮೊಳಕೆ ಕಾಯ್ತದಾ ಕೇಳಿ ನೋಡಿ!" ಎಂದು ಕೂಗಿ ಮನೆಗೆ ನಡೆದ. ದಾರಿಯಲ್ಲಿ ಅವನಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಇವರಿಗೆ ಬುದ್ಧಿ ಹೇಳುವ ತಾನು ಮಾಡಿದ್ದೇನು? ಎರಡು ತಿಂಗಳು ಕೋಟೆಯ ಮೆಟ್ಟಿಲು ಸವೆಸಿದ್ದೇ ತಾನೇ?

ಮನೆಯಲ್ಲಿ ಹೆಂಡತಿ ದೇವಮ್ಮನಿಗೆ ಎಲ್ಲವನ್ನೂ ಹೇಳಿದ. ಅವಳು ಎದ್ದು ಮುಂಬಾಗಿಲಿನ ಹಲಗೆ ತಟ್ಟಿ ನೋಡಿದಳು.

"ಹಲಸಿನದ್ದು. ಗಟ್ಟಿ ಉಂಟು. ಇದನ್ನು ಮುಟ್ಟಲು ಯಾರ ಅಪ್ಪಣೆ ಬೇಕು?"

"ಬಾಗಿಲು ಕಿತ್ರೆ ಮನೆಗೆ ನಾಯಿ ಬತ್ತದೆ ಮಾರಾಯ್ತಿ."

"ಬಾಗಿಲಿಲ್ಲದ ಮನೆಗೆ ನಾಯಿ ಬಂದೀತು. ಒಡ್ಡಿಲ್ಲದ ಗದ್ದೆಗೆ ಕಡಲೇ ಬತ್ತದೆ."

ಮರುದಿನ ಬೆಳಗ್ಗೆ ಗಂಡಹೆಂಡತಿ ಬಾಗಿಲು ಹೊತ್ತು ಒಡ್ಡಿಗೆ ಹೋದರು. ಅತ್ತ ಕೋಟೆಯಲ್ಲಿ ಕಹಳೆ ಊದಿತು. ಡಚ್ಚರ ಲಾಂಛನ ಒಡೆಯಲು ಗಂಡಸರೆಲ್ಲ ಬರಬೇಕೆಂಬ ಕರೆ ಅದು. ಹಮ್ಮಣ್ಣ ಕತ್ತೆತ್ತಿ ನೋಡಿದ. ಹೋಗದಿದ್ದರೆ ಛಡಿಯೇಟು ತಪ್ಪದು. ಹಾಳಾಗಲಿ ಎಂದುಕೊಂಡು ಸೊಂಟದವರೆಗೆ ಕೆಸರಿಗಿಳಿದ.

ಮೊದಲು ಬಂದವಳು ಗಣಪುವಿನ ಹೆಂಡತಿ, ಅಟ್ಟದ ಎರಡು ಹಲಗೆ ಹೊತ್ತು. ಹಿಂದೆಯೇ ನಾಚಿಕೊಂಡು ಗಣಪು. ಹೊತ್ತು ನೆತ್ತಿಗೇರುವಷ್ಟರಲ್ಲಿ ಇಪ್ಪತ್ತು ಮನೆಯವರು ಬಂದರು. ಸಂಜೆಗೆ ನಲವತ್ತೂ. ಕೋಟೆಯ ಕಹಳೆ ಊದಿ ಊದಿ ಸುಮ್ಮನಾಯಿತು. ಅಷ್ಟೂ ಜನರಿಗೆ ಹೊಡೆಯಲು ಛಡಿಗಳಾದರೂ ಎಲ್ಲಿದ್ದವು?

ಹುಣ್ಣಿಮೆಯ ಮಧ್ಯಾಹ್ನ ಉಬ್ಬರ ಬಂತು. ತೂಬು ನಿಂತಿತು. ಆದರೆ ಎರಡು ತಿಂಗಳು ನೀರು ಕುಡಿದಿದ್ದ ಒಡ್ಡಿನ ಕೆಳಗಿನ ತುದಿಗೆ ಮಣ್ಣು ತುಂಬುವಷ್ಟು ಹೊತ್ತು ಸಿಕ್ಕಿರಲಿಲ್ಲ. ಅಲ್ಲಿ ಒಡ್ಡು ಕುಸಿದು ಹನ್ನೊಂದು ಮನೆಗಳ ಗದ್ದೆಗೆ ಉಪ್ಪುನೀರು ನುಗ್ಗಿತು. ಎಳೆ ಮೊಳಕೆ ಎಲ್ಲರ ಕಣ್ಣೆದುರೇ ಮುಳುಗಿತು. ಉಳಿದವರ ಗದ್ದೆ ಉಳಿಯಿತು.

ಎಲ್ಲರೂ ಒಡೆದ ಜಾಗಕ್ಕೆ ಮಣ್ಣು ಸುರಿಯುತ್ತಿದ್ದಾಗ ವಾಮನ ಶೆಣೈ ಏದುಸಿರು ಬಿಡುತ್ತ ಕಾಗದ ಹಿಡಿದು ಬಂದ.

"ಗೌಡ, ಅಪ್ಪಣೆಯಾಯಿತು! ಮರ ಕಡಿಯಬಹುದು!"

"ಯಾರ ಅಪ್ಪಣೆ ಒಡೆಯಾ?"

ಶೆಣೈ ಕಾಗದ ತಿರುಗಿಸಿ ಮುದ್ರೆ ಯಾರದ್ದೆಂದು ನೋಡತೊಡಗಿದ.

ಹಮ್ಮಣ್ಣ ಉತ್ತರಕ್ಕೆ ಕಾಯಲಿಲ್ಲ. ಗದ್ದೆ ಕಳೆದುಕೊಂಡ ಹನ್ನೊಂದು ಮನೆಗಳವರ ಕಡೆಗೆ ತಿರುಗಿ, "ತಪ್ಪು ನನ್ನದು. ಚೈತ್ರದಲ್ಲೇ ನನ್ನ ಬಾಗಿಲು ಕೀಳಬೇಕಿತ್ತು. ಈ ವರ್ಷ ನನ್ನ ಗದ್ದೆಯ ಬೆಳೆಯಲ್ಲಿ ಅರ್ಧ ನಿಮ್ಮದು," ಎಂದ. ಗಣಪು ಮಣ್ಣಿನ ಬುಟ್ಟಿ ಇಳಿಸಿ, "ನನ್ನದರಲ್ಲೂ," ಎಂದ. ಗದ್ದೆ ಉಳಿದವರೆಲ್ಲ ಹೂಂ ಎಂದು ತಲೆಯಾಡಿಸಿದರು.

ನೀತಿ: ಗಾದಿಯ ಮೇಲೆ ಕೂರುವವರು ಬದಲಾಗುತ್ತಲೇ ಇರುತ್ತಾರೆ. ನಮ್ಮ ಅನ್ನ ಕಾಯುವ ಕೆಲಸವನ್ನು ಅವರ ಅಪ್ಪಣೆಗಾಗಿ ಕಾಯಿಸಬಾರದು. ಕಾಯಿಸಿದರೆ ಮುಳುಗುವುದು ಅವರ ಕೋಟೆಯಲ್ಲ, ನಮ್ಮ ನೆರೆಯವನ ಗದ್ದೆ.