ನಾಲ್ಕನೇ ಸಲ ತಂದ ಕಂಟ್ರೋಲರ್

ದಾವಣಗೆರೆಯ ಗೇಮಿಂಗ್ ಅಂಗಡಿಯ ಹಾಲೇಶನಿಗೆ ತಲೆ ಚಿಟ್ಟು ಹಿಡಿದಿತ್ತು. ಫೈಟಿಂಗ್ ಗೇಮ್ ಆಡುವ ಚಂದ್ರಮೌಳಿ ಸಾಹೇಬರು ನಾಲ್ಕನೇ ದಿನವೂ ಬಂದು ಕೂತಿದ್ದರು. ಅವರಿಗೆ ಹಿಡಿದು ತಿರುಗಿಸುವ ಲಿವರ್ ಇಲ್ಲದ, ಬರೀ ಗುಂಡಿಗಳಿರುವ ಕಂಟ್ರೋಲರ್ ಬೇಕು. ಬೆಲೆ ಮೂರು ಸಾವಿರ ದಾಟಬಾರದು, ಆದರೆ ಮೂವತ್ತು ಸಾವಿರದ್ದರ ಹಾಗೆ ಓಡಬೇಕು. ಕೊಟ್ಟದ್ದನ್ನೆಲ್ಲ ಕುಟ್ಟಿ, ಸೋತು, "ಗುಂಡಿ ತಡ ಕಣಯ್ಯಾ, ನಮ್ಮ ಬೆರಳಿನ ವೇಗ ಇದಕ್ಕೆಲ್ಲಿ ಬರಬೇಕು" ಎಂದು ಪಕ್ಕಕ್ಕೆ ತಳ್ಳುತ್ತಿದ್ದರು.

"ಇವತ್ತೂ ಅವರು ಬರಿಗೈಲಿ ಹೋದರೆ, ನೀನು ನಿನ್ನ ಹಳೇ ಸೀರೆ ಅಂಗಡಿಗೇ ಹೋಗು" ಎಂದಿದ್ದ ಮಾಲೀಕ.

ಸೀರೆ ಅಂಗಡಿ ನೆನಪಾದದ್ದೇ ಉಪಾಯ ಹೊಳೆಯಿತು. ಅಲ್ಲಿ ಬೇಡವೆಂದ ಸೀರೆಯನ್ನೇ ಒಳಗೊಯ್ದು, ಹೊಸ ಸ್ಟಾಕ್ ಎಂದು ಮತ್ತೆ ಹಾಸುವುದು ರೂಢಿ.

"ಕಣ್ಣು ಬೆಲೆ ನೋಡುತ್ತೆ ಸಾರ್. ಕೈಗೇ ಬಿಡಿ" ಎಂದು ಕಂಟ್ರೋಲರಿಗೆ ಟವೆಲ್ ಹೊದಿಸಿ ತಂದ. ಸಾಹೇಬರು ಟವೆಲ್ ಕೆಳಗೆ ಕೈ ತೂರಿಸಿ ಆಡಿದರು. "ತಡ." ಒಳಗೊಯ್ದು ಮತ್ತೆ ತಂದ. "ಇದಂತೂ ಸತ್ತೇ ಹೋಗಿದೆ." ಮೂರನೆಯದು ಗಡಸಾಯಿತು. ನಾಲ್ಕನೆಯದರಲ್ಲಿ ಹೇಗೋ ಗೆದ್ದುಬಿಟ್ಟರು.

"ನೋಡು, ಗುಂಡಿ ಅಂದ್ರೆ ಇದು. ಮೂವತ್ತು ಸಾವಿರದ ಮಾಲೇ ಬೇರೆ."

ಹಾಲೇಶ ಟವೆಲ್ ತೆಗೆದ. "ಎರಡು ಸಾವಿರದ ಎಂಟುನೂರು ಸಾರ್. ಮೊನ್ನೆ ನೀವೇ ಬೇಡ ಅಂದದ್ದು. ನಾಲ್ಕು ಸಲವೂ ಇದನ್ನೇ ತಂದೆ."

ಸಾಹೇಬರು ಗಂಟಲು ಸರಿಮಾಡಿಕೊಂಡರು. "ಇರಲಿ. ನಾಲ್ಕನೇ ಸಲ ತಂದೆಯಲ್ಲ, ಅದನ್ನು ಪ್ಯಾಕ್ ಮಾಡು. ಮೊದಲಿನ ಮೂರು ಬೇಡ."

ಹಾಲೇಶ ಅದನ್ನು ಒಳಗೊಯ್ದ. ಡಬ್ಬದ ಮೇಲೆ ದಪ್ಪಗೆ ‘೪’ ಎಂದು ಬರೆದು ತಂದಿಟ್ಟ. ಸಾಹೇಬರು ಆ ನಂಬರನ್ನು ಎರಡೆರಡು ಸಲ ನೋಡಿಯೇ ದುಡ್ಡು ಕೊಟ್ಟರು.